ಕರಿ ಗುಂಡಿಗೊಂದು ಕೊಡೆ

"ಅಕ್ಕಾ, ಇದೇನಿದು? ಇಡೀ ಊರಿಗೇ ತಂಪಾದ ಜಾಗ ನಿಮ್ಮದು ಅಂತ ಬಂದಿದೆ!"

ನಗರದ ಕಚೇರಿಯಿಂದ ಸೆಖೆಯ ಅಳತೆಗೆ ಬಂದಿದ್ದ ಹುಡುಗಿ ಯಂತ್ರದ ಅಂಕಿಗಳನ್ನು ನೋಡಿ ಕಣ್ಣು ಕಣ್ಣು ಬಿಟ್ಟಳು. ಬೀದಿ ಮೂಲೆಯಲ್ಲಿ ಬಟ್ಟೆ ತೀಡುತ್ತಿದ್ದ ಇಸ್ತ್ರಿ ಅಕ್ಕ ತಟ್ಟನೆ ತಲೆಯೆತ್ತಿದಳು. ನೆತ್ತಿಯ ಮೇಲೆ ಬಿಸಿಲು, ಕೈಯಲ್ಲಿ ಕೆಂಡ ತುಂಬಿದ ಪೆಟ್ಟಿಗೆ, ಕಾಲಡಿ ಕಾದ ಡಾಂಬರು. ಇದು ತಂಪಂತೆ! ಸೆಖೆ ವಿಪರೀತ ಇರುವ ಆರು ಕಡೆ ನಗರದ ಕಚೇರಿಯವರು ನೆರಳಿಗೆ ಚಪ್ಪರ ಹಾಕಿಸುತ್ತಾರೆಂದು ಕೇಳಿದಂದಿನಿಂದ ಅವಳು ಹಿಗ್ಗಿ ಹೀರೇಕಾಯಿಯಾಗಿದ್ದಳು. ಹೋದ ವಾರವಷ್ಟೇ ಕಣ್ಣು ಕತ್ತಲೆ ಬಂದು ಮೇಜಿನ ಪಕ್ಕ ಕುಸಿದಿದ್ದಳು. ಪುಣ್ಯಕ್ಕೆ ಪೆಟ್ಟಿಗೆ ಕಾಲ ಮೇಲೆ ಬೀಳಲಿಲ್ಲ. ಚಪ್ಪರ ಸಿಗುವ ಜಾಗಗಳ ಪಟ್ಟಿ ನಾಳೆಗೆ ಅಂತಿಮವಾಗುತ್ತದೆ.

"ನಿಮ್ಮ ಯಂತ್ರಕ್ಕೆ ತಲೆ ಕೆಟ್ಟಿದೆ," ಎಂದಳು ಅಕ್ಕ.

"ನೀವು ಅದನ್ನ ಮುಟ್ಟಿದ್ರಾ?"

"ದೇವರಾಣೆ ಮುಟ್ಟಿಲ್ಲ. ಮುಟ್ಟಬೇಡಿ ಅಂತ ಮೂರು ದಿನದ ಹಿಂದೆ ನೀವೇ ಹೇಳಿ ಹೋದ್ರಲ್ಲ. ಬರೀ ಕೊಡೆ ಕಟ್ಟಿದ್ದೆ, ನೀವು ನೋಡೋಕೆ ಅಡ್ಡ ಆಗ್ಬಾರ್ದು ಅಂತ ಈಗ ಬಿಚ್ಚಿದೆ."

"ಕೊಡೆನಾ? ಯಾರಿಗೆ?"

ಅಕ್ಕ ಮುಕ್ಕಾಲಿಯ ಮೇಲಿದ್ದ ಕರಿ ಗುಂಡನ್ನು ತೋರಿಸಿದಳು. ಬಿಸಿಲು, ಗಾಳಿ, ತೇವ ಎಲ್ಲ ಸೇರಿ ಮನುಷ್ಯರ ಮೈಗೆ ತಟ್ಟುವ ಕಾವೆಷ್ಟೆಂದು ಲೆಕ್ಕ ಹಾಕುವ ಯಂತ್ರ ಅದು. "ಪಾಪ, ಬೆಳಿಗ್ಗೆಯಿಂದ ಸಂಜೆವರೆಗೂ ಬಿಸಿಲಲ್ಲೇ ನಿಂತಿರುತ್ತೆ. ಸುಟ್ಟು ಗಿಟ್ಟು ಹೋದ್ರೆ ನಿಮ್ಮ ಕೆಲಸಕ್ಕೇ ಕುತ್ತು. ಅದಕ್ಕೇ ನನ್ನ ಕೊಡೆ ಕೊಟ್ಟೆ. ಸುತ್ತ ನಾಲ್ಕು ಚೊಂಬು ನೀರೂ ಚಿಮುಕಿಸಿದೆ."

"ಮತ್ತೆ ನಿಮಗೆ?"

"ನನಗೇನು, ಗಟ್ಟಿ ಜೀವ!"

ಹುಡುಗಿ ಹಣೆ ಚಚ್ಚಿಕೊಂಡಳು. "ಸಾಲದ್ದಕ್ಕೆ, ಸೆಖೆ ಹೇಗಿದೆ ಅಂತ ಕೇಳಿದ್ರೆ 'ಪರವಾಗಿಲ್ಲ' ಅಂತ ಬೇರೆ ಬರೆಸಿದ್ದೀರಿ!"

"ಅಂಗಡಿಗೆ ಬಂದೋರ ಹತ್ರ ಗೋಳು ಹೇಳ್ಕೊಳ್ಳೋದು ಚೆನ್ನಾಗಿರುತ್ತಾ?"

ಮರುದಿನ ಹುಡುಗಿ ತಾನೇ ಬಂದು ಕಾವಲು ಕೂತಳು. ಕೊಡೆ ಇಂದು ಅಕ್ಕನ ತಲೆಯ ಮೇಲೆ. ಗುಂಡು ಮಾತ್ರ ಉರಿಬಿಸಿಲಿನಲ್ಲಿ. ಅಕ್ಕನಿಗೆ ಅತ್ತ ನೋಡಲೇ ಆಗದು. ಎರಡು ಸಲ ಅವಳ ಕೈ ತಂತಾನೇ ಚೊಂಬಿನ ಕಡೆ ಹೋಯಿತು, ಎರಡು ಸಲವೂ ಹುಡುಗಿ ಕಣ್ಣು ಕೆಕ್ಕರಿಸಿದಳು. ಎರಡು ಗಂಟೆಗೆ ಹತ್ತು ನಿಮಿಷ ಇದೆ ಎನ್ನುವಾಗ ಯಂತ್ರ ಕುಯ್ಯೋ ಎಂದು ಅರಚಿಕೊಂಡಿತು. ಹುಡುಗಿ ಅಂಕಿಗಳನ್ನು ಕಚೇರಿಗೆ ಕಳಿಸಿ ಫೋನಿನಲ್ಲಿ ಪಟ್ಟಿ ನೋಡಿದಳು.

"ಬಂತು ಅಕ್ಕಾ! ಪಟ್ಟಿಯಲ್ಲಿ ನಿಮ್ಮ ಮೂಲೇನೇ ಮೊದಲು! ಇನ್ನು ಹದಿನೈದು ದಿನದಲ್ಲಿ ಚಪ್ಪರ!"

ಸಂತೋಷಕ್ಕೆ ಅಕ್ಕನ ಕಣ್ಣು ತುಂಬಿ ಬಂತು. ಸೆರಗಿನಿಂದ ಒರೆಸಿಕೊಂಡು ಗುಂಡಿನ ಕಡೆ ತಿರುಗಿದಳು. "ಅಯ್ಯೋ, ಅದ್ಯಾಕೆ ಹಂಗೆ ಬಾಯಿ ಬಡ್ಕೊಳ್ತಿದೆ?"

"ಈ ಬಿಸಿಲಲ್ಲಿ ಇನ್ನೊಂದು ನಿಮಿಷಾನೂ ಯಾರೂ ಕೆಲಸ ಮಾಡಬಾರದು, ತಕ್ಷಣ ನೆರಳಿಗೆ ಹೋಗಿ ಅಂತ ಅದರ ಅರ್ಥ."

ಅಕ್ಕ ಹೌದೌದೆಂದು ತಲೆಯಾಡಿಸಿ ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡಳು.

"ಹಾಗಾದ್ರೆ ಬೇಗ ಅದನ್ನ ಕರ್ಕೊಂಡು ಹೋಗಿ ತಾಯಿ. ನನಗಿನ್ನೂ ಹನ್ನೊಂದು ಅಂಗಿ ಬಾಕಿ ಇವೆ."