ಅಜೇಯ

ವೇದಾ ಮೊಬೈಲನ್ನು ಗಂಡನ ಮುಖಕ್ಕೆ ಹಿಡಿದಳು. ಹಿಮದ ಮೇಲೆ ರಷ್ಯಾದ ಟ್ಯಾಂಕೊಂದು ಉರಿಯುತ್ತಿತ್ತು. "ನಮ್ ನಿರಂಜನ್ ಓಡ್ಸೋದು ಇದೇನಾ ನೋಡ್ರೀ. ಅವನು ಫೋನ್ ಎತ್ತಿ ವಾರ ಆಯ್ತು."

ಮುನಿರಾಜುವಿಗೆ ಒಂದು ನೋಟ ಸಾಕಾಯಿತು. ನಮ್ಮ ಸೈನ್ಯದಲ್ಲಿ ಇಪ್ಪತ್ತು ವರ್ಷ ಅವನು ಓಡಿಸಿದ್ದೂ ಅದನ್ನೇ. ರಷ್ಯಾದ ಸೈನ್ಯಕ್ಕೆ ಡ್ರೈವರಾಗಿ ಹೊರಟ ಮಗನನ್ನು ಹೆಬ್ಬಾಳದಲ್ಲಿ ಏರ್‌ಪೋರ್ಟ್ ಬಸ್ಸು ಹತ್ತಿಸುವಾಗ ಬೆನ್ನು ತಟ್ಟಿದ್ದ: "ಅವ್ರು ಟಿ-72 ಅಂತಾರೆ, ನಾವು ಅಜೇಯ ಅಂತೀವಿ. ಹೆಸ್ರು ಬೇರೆ, ಗಾಡಿ ಒಂದೇ ಕಣೋ. ಧೈರ್ಯವಾಗಿ ಹೋಗು."

ಪರದೆಯಲ್ಲಿ ಫಿರಂಗಿಯ ಕೊಳವೆ ಡ್ರೈವರನ ಮುಚ್ಚಳದ ಮೇಲೆಯೇ ಬಂದು ನಿಂತಿತ್ತು. ಹಾಗೆ ನಿಂತರೆ ಒಳಗಿನವನು ಮುಚ್ಚಳ ತೆರೆದು ಹೊರಬರಲಾರ. ಅದು ಮುನಿರಾಜುವಿನ ಕೈಗಳಿಗೆ ಗೊತ್ತಿತ್ತು.

"ಹೇಳ್ರೀ, ಇದೇನಾ?"

ಅವನು ಮೊಬೈಲನ್ನು ಕವುಚಿಟ್ಟ. "ಅಲ್ಲ ಕಣೆ. ಇದು ಟಿ-72. ನಿರಂಜನಂದು ಅಜೇಯ."