ಉಪ್ಪು ಬಿಟ್ಟ ಗಂಡ

"ಕುಡಿ. ಪೂರಾ ಕುಡಿ," ಎಂದು ಶ್ರೀಶೈಲಪ್ಪ ಎಳನೀರಿನ ಕಾಯನ್ನು ಹೆಂಡತಿಯ ಬಾಯಿಗೆ ಒತ್ತಿ ಹಿಡಿದ.

ಭುವನೇಶ್ವರಿ ಎರಡು ಗುಟುಕು ಕುಡಿದು ಮುಖ ತಿರುಗಿಸಿದಳು. ನೀರು ಗದ್ದದಿಂದಿಳಿದು ಸೀರೆಗೆ ಸೋರಿತು. ಅವನು ತನ್ನ ಟವೆಲ್ಲಿನಿಂದ ಒರೆಸಹೋದ. ಅವಳು ಆ ಕೈಯನ್ನು ಸರಿಸಿದಳು, ನೊಣ ಓಡಿಸಿದ ಹಾಗೆ.

ಇಂಡಿ ಬಸ್ ನಿಲ್ದಾಣದ ಬೇವಿನ ಮರದ ಕೆಳಗೆ ಇದನ್ನು ಹತ್ತು ಜನ ನೋಡಿದರು. ಹತ್ತೂ ಜನರ ಮನಸ್ಸು ಗಂಡನ ಕಡೆಗೆ ವಾಲಿತು.

"ನೀವೂ ಒಂದು ಕುಡೀರಿ ಸಾವಕಾರ್ರ, ಬಿಸಲ ಭಾಳ ಐತಿ," ಎಂದ ಎಳನೀರು ಮಾರುವ ನಬಿಸಾಬ, ಇನ್ನೊಂದು ಕಾಯಿ ಎತ್ತಿಕೊಳ್ಳುತ್ತ.

"ನನಗ ಬ್ಯಾಡೋ. ಅದನ್ನೂ ಆಕಿಗೇ ಕೊಡು."

ನಬಿಸಾಬನ ಕಣ್ಣು ಒದ್ದೆಯಾದವು. "ಇಂಥಾ ಗಂಡ ಸಿಗಬೇಕಂದ್ರ ಪುಣ್ಯಾ ಮಾಡಿರಬೇಕು ನೋಡ್ರಿ ಅಕ್ಕಾರ."

"ಹೌದ್ರಿ," ಎಂದಳು ಭುವನೇಶ್ವರಿ. "ನಾ ಏನ ಮಾಡಿದ್ನೋ ಏನೋ."

ಅವರು ಕಾಯುತ್ತಿದ್ದುದು ಸೊಲ್ಲಾಪುರದಿಂದ ಬರುವ ಬಸ್ಸಿಗೆ. ಅದರ ಕಂಡಕ್ಟರ್ ರಾಚಪ್ಪನ ಚೀಲದಲ್ಲಿ ಒಂದು ಲಕೋಟೆ ಬರುವುದಿತ್ತು. ಹದಿನೈದು ದಿನಗಳ ಹಿಂದೆ ಅಲ್ಲಿಯ ಆಸ್ಪತ್ರೆಯಲ್ಲಿ ಭುವನೇಶ್ವರಿಯ ರಕ್ತ ತೆಗೆದಿದ್ದರು. ಹೊಟ್ಟೆಯ ಫೋಟೋ ತೆಗೆದಿದ್ದರು. ಬಾ ಎಂದರು, ಹೋಗಿದ್ದಳು. ಅವಳು ಏನನ್ನೂ ಕೇಳಲಿಲ್ಲ. ಅವಳನ್ನೂ ಯಾರೂ ಏನನ್ನೂ ಕೇಳಲಿಲ್ಲ. ಡಾಕ್ಟರರು ಮಾತ್ರ ಸುತ್ತಿ ಬಳಸದೆ ಹೇಳಿದ್ದರು: ಪರೀಕ್ಷೆ ಸರಿ ಬಂದರೆ ಆಪರೇಷನ್, ಜೀವ ಉಳಿಯುತ್ತದೆ. ಬರದಿದ್ದರೆ ಮುಂದಿನ ದ್ರಾಕ್ಷಿಯ ಹಂಗಾಮು ನೋಡುವುದು ಅನುಮಾನ.

ಅಂದಿನಿಂದ ಅವರ ಊರು ಹಲಸಂಗಿಯಲ್ಲಿ ಬೇರೆ ಮಾತಿರಲಿಲ್ಲ. ಶ್ರೀಶೈಲಪ್ಪ ಹೆಂಡತಿಗಾಗಿ ಉಪ್ಪು ಬಿಟ್ಟಿದ್ದಾನೆ! ಮದುವೆ ಮನೆಯಲ್ಲೂ ಸಪ್ಪೆ ಅನ್ನ ಕೇಳಿ ಉಣ್ಣುತ್ತಾನೆ. ನೀರನ್ನೂ ಅಳೆದು ಕುಡಿಯುತ್ತಾನೆ. ವಾರಕ್ಕೆ ಎರಡು ಸಲ ಸೊಲ್ಲಾಪುರದ ಆಸ್ಪತ್ರೆಗೆ ಹೋಗಿ, ಸಂಜೆ ಹಿಂಡಿದ ಬಟ್ಟೆಯ ಹಾಗೆ ಮರಳುತ್ತಾನೆ. ಚಿಂತೆಯಿಂದ ಮುಖ ಕಪ್ಪಿಟ್ಟಿದೆ. ಅಲೆದಲೆದು ಪಾದ ಬಾತು, ಚಪ್ಪಲಿಯ ಪಟ್ಟಿ ಕತ್ತರಿಸಿಕೊಂಡಿದ್ದಾನೆ. ಎಂಥ ಹರಕೆ! ಹರಕೆ ಎಂದವರು ಊರಿನವರು. ಅವನು ಹೌದೆನ್ನಲಿಲ್ಲ. ಅಲ್ಲವೆನ್ನಲೂ ಇಲ್ಲ. ಕಣ್ಣು ಕೆಳಗೆ ಮಾಡಿ ನಿಲ್ಲುತ್ತಿದ್ದ, ಅಷ್ಟೇ.

ಭುವನೇಶ್ವರಿಗೆ ಎರಡು ತಿಂಗಳಿಂದ ಕೊಡ ಎತ್ತುವ ಕೆಲಸವಿರಲಿಲ್ಲ. ಬೆಳಿಗ್ಗೆ ಹಾಲು, ಸಂಜೆ ಉತ್ತತ್ತಿ. ಹದಿನಾರು ವರ್ಷ ಸೊಸೆಯನ್ನು ಬಂಜೆ ಎಂದೇ ಕರೆದ ಅತ್ತೆ ಕಸ್ತೂರೆವ್ವ ಈಗ ಲೋಟ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದಳು. ಲೋಟ ಖಾಲಿಯಾಯಿತೇ ಎಂದು ಬಗ್ಗಿ ನೋಡುತ್ತಿದ್ದಳು.

ಮೂರು ವರ್ಷದ ಹಿಂದೆ ಗರ್ಭಕೋಶದ ಗಡ್ಡೆ ತೆಗೆಸಿಕೊಳ್ಳಲು ಇದೇ ಭುವನೇಶ್ವರಿ ಒಬ್ಬಳೇ ಬಿಜಾಪುರದ ಬಸ್ಸು ಹತ್ತಿದ್ದಳು. "ಹೆಂಗಸರ ಬ್ಯಾನಿಗಿ ಗಂಡಸರು ಯಾಕ ಬರಬೇಕು?" ಎಂದು ಶ್ರೀಶೈಲಪ್ಪ ವ್ಯಾಪಾರಕ್ಕೆ ಚಡಚಣಕ್ಕೆ ಹೋಗಿದ್ದ. ಹೊಲಿಗೆ ಬಿಚ್ಚುವ ಮುಂಚೆಯೇ ಅವಳು ರೊಟ್ಟಿ ಬಡಿಯಲು ಕುಳಿತಿದ್ದಳು. ಊರು ಅದನ್ನು ಮರೆತಿತ್ತು. ಗಂಡಸಿನ ವಿಷಯದಲ್ಲಿ ಊರಿಗೆ ನೆನಪು ಕಡಿಮೆ.

ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕಸ್ತೂರೆವ್ವ ಚೀಲ ಬಿಚ್ಚಿ ನೋಡಿಕೊಂಡಳು. ಹೊಸ ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಬೇರು. ಮುತ್ತೈದೆಯ ಸೆರಗಿಗೆ ಹಾಕಿ ಉಡಿ ತುಂಬುವ ಸಾಮಾನು.

"ಕಾಗದ ಚಲೋ ಬಂತಂದ್ರ ಇಲ್ಲೇ ಉಡಿ ತುಂಬತೇನಿ," ಎಂದಳು. "ಮುಂದಿನ ಬಸ್ಸಿಗೆ ಸೊಲ್ಲಾಪುರ. ಒಮ್ಮಿ ಉಡಿ ತುಂಬಿಸಿಕೊಂಡ್ಳಂದ್ರ ಮುತ್ತೈದಿ ಹಿಂದ ಸರೀಬಾರದು. ತಿಳೀತಿಲ್ಲೋ?"

"ತಿಳೀತ್ರಿ."

"ಮಾರಿ ಯಾಕ ಹಂಗ ಮಾಡ್ತಿ? ನಿನ್ನ ಸಲುವಾಗಿ ಅವ ಎಷ್ಟ ಸೊರಗ್ಯಾನ ನೋಡು."

"ದಿನಾ ನೋಡ್ತೇನ್ರಿ. ಸೊರಗೂದು ಕಾಣಸ್ತೈತಿ."

ಪಕ್ಕದಲ್ಲಿ ಕುಳಿತಿದ್ದ ಹೆಂಗಸೊಬ್ಬಳು ಲೊಚಗುಟ್ಟಿದಳು. ಸಾಯುವ ಹೊತ್ತಿನಲ್ಲೂ ಎಂಥ ಸೊಕ್ಕು!

ಶ್ರೀಶೈಲಪ್ಪ ಹೆಂಡತಿಯ ಹತ್ತಿರ ಸರಿದ. ಆ ಬಿಸಿಲಿನಲ್ಲೂ ಅವನ ಅಂಗಿಯ ತೋಳು ಮಣಿಕಟ್ಟಿನವರೆಗೆ ಇಳಿದಿತ್ತು. "ಹೆದರಬ್ಯಾಡ ಭುವನಾ," ಎಂದ, ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ. "ನಾ ಅದೇನಿ."

"ನೀವು ಇರಬೇಕಂತನ ಅಲ್ರಿ, ಇದೆಲ್ಲಾ?"

ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡ.

ಬಸ್ಸು ಧೂಳೆಬ್ಬಿಸುತ್ತ ಬಂತು. ರಾಚಪ್ಪ ಕಿಟಕಿಯಿಂದಲೇ ಲಕೋಟೆ ಚಾಚಿದ. "ತಗೋರಿ ಸಾವಕಾರ್ರ. ಕೈಯಾಗ ಕೊಡಬೇಕಂತ ಹೇಳ್ಯಾರ್ರಿ."

ಶ್ರೀಶೈಲಪ್ಪ ಲಕೋಟೆಯನ್ನು ಹಲ್ಲಿನಿಂದ ಹರಿದ. ಎರಡು ಹಾಳೆ. ಬೆರಳಿಟ್ಟು ಸಾಲು ಸಾಲು ಓದಿದ. ಬೆಂಚಿನ ಮೇಲೆ ಕೂತು ಗಳಗಳ ಅತ್ತುಬಿಟ್ಟ.

"ಎಲ್ಲಾ ಕೂಡಿ ಬಂದೈತಿ ಯವ್ವಾ! ಆಪರೇಷನ್ ಮಾಡ್ತಾರಂತ!"

ಲೊಚಗುಟ್ಟಿದ ಹೆಂಗಸೂ ಅತ್ತಳು. ನಬಿಸಾಬ ಮಚ್ಚನ್ನು ಬುಟ್ಟಿಯಲ್ಲಿ ಹಾಕಿ ಆಕಾಶಕ್ಕೆ ಎರಡೂ ಕೈ ಎತ್ತಿದ. "ಗೆದ್ರಿ ಅಕ್ಕಾರ! ಈ ಗಂಡನ ಉಪ್ಪಿನ ಹರಕಿ ನಿಮ್ಮನ್ನ ಉಳಿಸ್ತು!"

ಭುವನೇಶ್ವರಿ ಮೊದಲ ಸಲ ನಕ್ಕಳು. ಯಾರಿಗೂ ಆ ನಗು ಹಿಡಿಸಲಿಲ್ಲ.

ಕಸ್ತೂರೆವ್ವ ಖಣದ ಮೇಲೆ ಅಕ್ಕಿ ಸುರಿದು, ಕೊಬ್ಬರಿ ಬಟ್ಟಲು ಇಟ್ಟು, ಎರಡೂ ಕೈಯಲ್ಲಿ ಎತ್ತಿ ಹಿಡಿದಳು. "ಸೆರಗ ಒಡ್ಡವ್ವಾ, ನನ್ನ ಬಂಗಾರ."

ಭುವನೇಶ್ವರಿ ಎದ್ದು ನಿಂತಳು. ಸೆರಗನ್ನು ಎಳೆದು, ರೊಟ್ಟಿ ಬಡಿಯಲು ಕೂಡ್ರುವಾಗ ಮಾಡುವ ಹಾಗೆ, ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡಳು.

"ಒಡ್ಡಂಗಿಲ್ರಿ ಅತ್ತಿ. ಕಿಡ್ನಿ ಕೆಟ್ಟಿದ್ದು ನಿಮ್ಮ ಮಗಂದು. ನನ್ನವು ಎರಡೂ ನೆಟ್ಟಗದಾವ. ಒಂದೂ ಕೊಡಂಗಿಲ್ಲ."