ಕಾಗದದ ಹಿಂಬದಿ

"ಇದು ಅಸಲಿ ಅಂತ ಹೇಗೆ ಗೊತ್ತಾಗ್ತದೆ?" ವೆರೊನಿಕಾ ಕೇಳಿದಳು. ಹಡಗಿನಲ್ಲಿ ಅಡುಗೆಯವನಾಗಿದ್ದ ಗಂಡ ಕಜೆಟನ್ ಎಂದೋ ಜಪಾನಿನಿಂದ ತಂದಿದ್ದ ಚಿತ್ರವದು. ಹಿಮ ಬೀಳುವ ಹೊಳೆ, ದೋಣಿಯಲ್ಲಿ ಕೊಡೆ ಹಿಡಿದು ಕೂತ ಹೆಂಗಸು. ಅವನು ತೀರಿಕೊಂಡು ಹತ್ತು ತಿಂಗಳಾದ ಮೇಲೆ, ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಅವಳು ಶಂಕರಪುರದಿಂದ ಬಸ್ಸು ಹಿಡಿದು ಮಣಿಪಾಲಕ್ಕೆ ಬಂದಿದ್ದಳು.

ಹಳೆಯ ಕಾಗದಗಳನ್ನು ದುರಸ್ತಿ ಮಾಡುವ ವಿಜೇತಾ ಚಿತ್ರವನ್ನು ಮೆಲ್ಲಗೆ ಮಗುಚಿದಳು. "ಜಪಾನಿನ ಎಡೊ ಕಾಲದ್ದೇ ಇರಬೇಕು ಆಂಟಿ, ನೂರೈವತ್ತು ವರ್ಷಕ್ಕೂ ಹಿಂದಿನದ್ದು. ಆಗ ಮೆಷಿನ್ ಇರಲಿಲ್ಲ ಅಲ್ವಾ? ಮರದ ಅಚ್ಚಿಗೆ ಬಣ್ಣ ಹಚ್ಚಿ, ಮೇಲೆ ಕಾಗದ ಇಟ್ಟು, ಹಿಂಬದಿಯನ್ನು ಕೈಯಿಂದ ಸುತ್ತಿ ಸುತ್ತಿ ಉಜ್ಜುತ್ತಿದ್ದರು. ಆ ಗುರುತು ಇನ್ನೂ ಉಂಟು. ಕೈ ತೊಳೆದು ಬನ್ನಿ, ಮುಟ್ಟಿ ನೋಡಬಹುದು."

ವೆರೊನಿಕಾ ಕೈ ತೊಳೆದು, ಒರೆಸಿಕೊಂಡು ಬಂದಳು. ವಿಜೇತಾ ಅವಳ ಬಲಗೈಯನ್ನು ತನ್ನ ಅಂಗೈಯೊಳಗೆ ತೆಗೆದುಕೊಂಡು, ಬೆರಳ ತುದಿಗಳನ್ನು ಕಾಗದದ ಮೇಲೆ ಹಗುರಾಗಿ ಓಡಿಸಿದಳು. ಇಗರ್ಜಿಯ ಗೇಟಿನ ಬಳಿ ಸಾಲಾಗಿ ನಿಂತು ಜನ ಕೈಕುಲುಕಿ ಹೋದ, ಗಂಡನನ್ನು ಮಣ್ಣು ಮಾಡಿದ ಆ ದಿನದ ನಂತರ ವೆರೊನಿಕಾಳ ಕೈಯನ್ನು ಯಾರೂ ಹಿಡಿದಿರಲಿಲ್ಲ. ಔಷಧಿ ಅಂಗಡಿಯವನು ಸಹ ಮಾತ್ರೆಗಳನ್ನು ಗಾಜಿನ ಮೇಲೆ ಇಟ್ಟು ಆಚೆ ತಿರುಗುತ್ತಿದ್ದ.

ಬೆರಳಿಗೆ ಸಣ್ಣ ಸಣ್ಣ ಸುತ್ತುಗಳು ಸಿಕ್ಕವು. ಯಾವುದೋ ಹೆಸರಿಲ್ಲದ ಕೆಲಸಗಾರ ಒತ್ತಿ ಉಜ್ಜಿದ್ದು ಒಂದೊಂದಾಗಿ, ಸ್ಪಷ್ಟವಾಗಿ ತಿಳಿಯಿತು.

"ಗೊತ್ತಾಯ್ತಾ ಆಂಟಿ?" ವಿಜೇತಾ ಕೈ ಸಡಿಲಿಸುತ್ತ ಕೇಳಿದಳು.

"ಇಲ್ಲ," ಎಂದಳು ವೆರೊನಿಕಾ. "ಇನ್ನೊಮ್ಮೆ ತೋರಿಸಿ."